ಎರಡು ಮನಸ್ಸಿನ ಹರಕೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕ್ರೈಸ್ತರ ತಪಸ್ಸುಕಾಲ ಅಂದರೆ ಬಿಸಿಲು ಏರುವ ಕಾಲ. ವಿಭೂತಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ದಿನದವರೆಗೆ 46 ದಿನ, ಆರು ಭಾನುವಾರ ಕಳೆದರೆ 40. ಹಣೆಗೆ ವಿಭೂತಿ ಬಿದ್ದ ದಿನ ಹೊತ್ತ ಹರಕೆ ಮೂರನೆಯ ವಾರಕ್ಕೆ ಸಡಿಲಾಗುತ್ತದೆ. ಕೇಳಿದರೆ ಬಿಸಿಲು, ಹೊಲದ ಕೆಲಸ, ನೆಂಟರ ಮದುವೆ. ಇವೆಲ್ಲ ಹರಕೆ ಹೊರುವ ದಿನವೂ ಗೊತ್ತಿದ್ದ ಸಂಗತಿಗಳೇ. ಮನಸ್ಸು ಅವತ್ತೇ ಎರಡಾಗಿತ್ತು.

ಬೈಬಲಿನ ಕರ್ಮೆಲ್ ಬೆಟ್ಟದಲ್ಲಿ ಪ್ರವಾದಿ ಎಲೀಯ ಜನರನ್ನು ಕೇಳಿದ್ದು ಇದನ್ನೇ: ಎಷ್ಟು ದಿನ ಹೀಗೆ ಎರಡೂ ಕಡೆ ಕಾಲಿಟ್ಟಿರುತ್ತೀರಿ? ಎದುರಿಗೆ ಬಾಳನೆಂಬ ಅನ್ಯದೇವರ ಪ್ರವಾದಿಗಳು 450 ಮಂದಿ ಇದ್ದರು. ಆದರೂ ಪ್ರಶ್ನೆ ಅವರಿಗಲ್ಲ, ತನ್ನ ಜನಕ್ಕೆ. ಆ ಜನ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ, ತುಟಿಯನ್ನೇ ಬಿಚ್ಚಲಿಲ್ಲ. ಈ ಭಾಗವನ್ನು ಓದಿ ಅಕ್ಕಪಕ್ಕದವರ ಜಾತ್ರೆ, ದೇವರುಗಳ ಬಗ್ಗೆ ಮಾತಾಡುವವರಿದ್ದಾರೆ. ಅದು ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿ ಅಷ್ಟೆ.

ಮುಂದಿನದನ್ನು ಬರ ಕಂಡ ನಮ್ಮ ಸೀಮೆಯವರು ನಿಧಾನವಾಗಿ ಓದಬೇಕು. ಮಳೆ ಹೋಗಿ ವರ್ಷಗಳಾಗಿವೆ. ಎಲೀಯ ಹನ್ನೆರಡು ಕಲ್ಲಿನ ಬಲಿಪೀಠ ಕಟ್ಟಿ, ಸುತ್ತ ಕಾಲುವೆ ತೋಡಿ, ಕಟ್ಟಿಗೆ ಜೋಡಿಸಿ, ಅದರ ಮೇಲೆ ನಾಲ್ಕು ಕೊಡ ನೀರು ಹೊಯ್ಯಿಸುತ್ತಾನೆ. ಮತ್ತೆ ನಾಲ್ಕು, ಮತ್ತೆ ನಾಲ್ಕು. ಹನ್ನೆರಡು ಕೊಡ ನೀರು, ಅದೂ ಬರದಲ್ಲಿ! ಹೊತ್ತು ತಂದವರಿಗೆ ಅದರ ಬೆಲೆ ಗೊತ್ತಿರುತ್ತದೆ. ಬೆಂಕಿ ಇನ್ನೂ ಬಿದ್ದಿಲ್ಲ, ಬೀಳುತ್ತದೆಂಬ ಖಾತರಿಯೂ ಅವರಿಗಿಲ್ಲ. ಆದರೂ ನೀರು ಹೊಯ್ದರು.

ಸಂದೇಹವೇ ಎರಡು ಮನಸ್ಸು ಅಂತ ಹೆದರುವವರೂ ಇದ್ದಾರೆ, ಹೆದರಬೇಕಿಲ್ಲ. ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ರೋಗಿ ಮಗನ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ನೀನೇ ನೆರವಾಗು ಎಂದು ಅದೇ ಉಸಿರಿನಲ್ಲಿ ಕೂಗುತ್ತಾನೆ. ಮಗ ಗುಣವಾದ. ಅವನಲ್ಲಿ ಸಂದೇಹವಿತ್ತು, ಆದರೆ ಯೇಸುವಿನ ಮುಂದೆ ಬಂದು ನಿಂತಿದ್ದ. "ಆತು ಬಿಡು, ಮುಂದ ನೋಡೋಣು" ಅನ್ನುವವನಲ್ಲಿ ಸಂದೇಹವೂ ಇರುವುದಿಲ್ಲ.

ಇನ್ನು ಹರಕೆಯ ಲೆಕ್ಕ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ 1191ನೆಯ ನಿಯಮದಲ್ಲಿ ಹರಕೆ ಎಂದರೇನೆಂದು ಹೇಳುತ್ತದೆ: ಯೋಚಿಸಿ, ಸ್ವಂತ ಇಚ್ಛೆಯಿಂದ, ಸಾಧ್ಯವಾದ ಮತ್ತು ಹೆಚ್ಚು ಒಳಿತಾದ ಒಂದು ವಿಷಯದ ಬಗ್ಗೆ ದೇವರಿಗೆ ಕೊಟ್ಟ ಮಾತು. ಯಾರೋ ಅನ್ಯಾಯವಾಗಿ ಹೆದರಿಸಿ ಹೊರಿಸಿದ್ದು ಹರಕೆಯೇ ಅಲ್ಲ. ನಮ್ಮಲ್ಲಿ ಹೆಚ್ಚು ಮುರಿಯುವುದು 1193ನೆಯದು: ಹರಕೆ ಹೊತ್ತವರನ್ನಷ್ಟೇ ಕಟ್ಟುತ್ತದೆ. ಅವ್ವ ಹರಕೆ ಹೊತ್ತು, ಮಗ ಉಪವಾಸವಿರಲಿ ಅನ್ನುವಂತಿಲ್ಲ. ಇರಬೇಕಾದವಳು ಅವ್ವನೇ.

"ಮಗ ಪಾಸಾದರೆ ಕೊಡ್ತೀನಿ" ಎಂಬ ಷರತ್ತಿನ ಹರಕೆ ತಪ್ಪಲ್ಲ, ಬೈಬಲಿನಲ್ಲಿ ಯಕೋಬನೂ ಬೇತೇಲಿನಲ್ಲಿ ಷರತ್ತು ಹಾಕಿದ್ದ. ಆದರೆ ಸಮುವೇಲನ ಮೊದಲನೆಯ ಗ್ರಂಥದ ಮೊದಲ ಅಧ್ಯಾಯದಲ್ಲಿ ಹನ್ನಳನ್ನು ನೋಡಿ: ಬೇಡಿದ್ದು ಮಗನನ್ನು, ಕೊಡುತ್ತೇನೆಂದದ್ದು ಅದೇ ಮಗನನ್ನು. ಮೊಲೆ ಬಿಡಿಸಿದ ಮೇಲೆ ಶಿಲೋವಿನ ದೇವಾಲಯಕ್ಕೆ ಒಯ್ದು ಬಿಟ್ಟು ಬಂದಳು. ದೊಡ್ಡದನ್ನು ಬೇಡಿ ಮೊಂಬತ್ತಿಯಲ್ಲಿ ಮುಗಿಸುವವರು ಆ ಅಧ್ಯಾಯವನ್ನು ಇನ್ನೊಮ್ಮೆ ಓದಬಹುದು.

ಹೊರುವುದಾದರೆ ಒಂದೇ ಹೊರಿ. "ಈ ಸಲ ಒಳ್ಳೆಯವನಾಗಿರ್ತೀನಿ" ಎಂಬುದಕ್ಕೆ ಅಳತೆಯಿಲ್ಲ, ಯಾವತ್ತು ಮುರಿಯಿತೆಂದೂ ತಿಳಿಯುವುದಿಲ್ಲ. "ಪಾಸ್ಖದವರೆಗೆ ಪ್ರತಿ ಶುಕ್ರವಾರ ಸಂಜೆ ಶಿಲುಬೆಹಾದಿಗೆ ಹೋಗ್ತೀನಿ" ಎಂಬುದಕ್ಕೆ (ಯೇಸುವಿನ ಶಿಲುಬೆಯ ದಾರಿಯನ್ನು ನೆನೆಯುವ ಪ್ರಾರ್ಥನೆ ಅದು) ದಿನವಿದೆ, ಕೊನೆಯಿದೆ. ಭಾನುವಾರ ಸೇರುತ್ತದೋ ಇಲ್ಲವೋ ಮೊದಲೇ ಹೇಳಿಕೊಳ್ಳಿ; ಹೆಚ್ಚಿನ ಹರಕೆಗಳಿಗೆ ಬಿರುಕು ಬೀಳುವುದು ಅಲ್ಲಿಂದ. ಉಪವಾಸದ ಕಟ್ಟಳೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ) ಮಾತ್ರ, 18 ತುಂಬಿದವರಿಂದ 59ರವರೆಗಿನವರಿಗೆ: ಒಂದು ಪೂರ್ಣ ಊಟ, ಎರಡು ಸಣ್ಣ ಊಟ. ನೀರು ಕುಡಿದರೆ ಉಪವಾಸ ಕೆಡದು. ನಮ್ಮ ಬಿಸಿಲಿಗೆ ನೀರು ಬಿಡುವುದು ಭಕ್ತಿಯಲ್ಲ, ಆಸ್ಪತ್ರೆಯ ದಾರಿ. ಬಸುರಿ, ಬಾಣಂತಿ, ಕಾಯಿಲೆಯವರಿಗೆ ಈ ಕಟ್ಟಳೆಯಿಲ್ಲ.

ರಾಯಚೂರು ಕಡೆಯ ಮೆಥೊಡಿಸ್ಟರ (ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ಪರಂಪರೆಯಲ್ಲಿ ಹರಕೆಗಿಂತ, ದೇವರೊಂದಿಗಿನ ಒಪ್ಪಂದವನ್ನು ಹೊಸದು ಮಾಡಿಕೊಳ್ಳುವ ಒಡಂಬಡಿಕೆಯ ಆರಾಧನೆ ಮುಖ್ಯ. ಆ ಪಂಗಡದ ಮೂಲಪುರುಷ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ್ದು, ಹೊಸ ವರ್ಷದ ಹೊತ್ತಿಗೆ ನಡೆಯುತ್ತದೆ. ಅಲ್ಲಿಯ ಪ್ರಾರ್ಥನೆಯಲ್ಲಿ ಒಂದೂ "ಆದರೆ" ಇಲ್ಲ. ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗಿಟ್ಟರೂ ಸರಿ ಎಂದು ಹೇಳಬೇಕು. ಬದಿಗಿಡು ಎನ್ನುವುದು ಕಷ್ಟ, ಸಭೆಯ ಹಿರಿಯರಿಗಂತೂ ಇನ್ನೂ ಕಷ್ಟ.

ಹೊತ್ತ ಹರಕೆ ನಿಜಕ್ಕೂ ಆಗದಿದ್ದರೆ ಮುಚ್ಚಿಟ್ಟುಕೊಂಡು ಕೊರಗಬೇಡಿ. ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿನ ಒಳಿತಿಗೆ ನೀವೇ ಬದಲಿಸಿಕೊಳ್ಳಬಹುದು. ಕಡಿಮೆ ಮಾಡಬೇಕಾದರೆ, ಬಿಡಬೇಕಾದರೆ ಕಥೋಲಿಕರು ತಮ್ಮ ಧರ್ಮಕೇಂದ್ರದ (ಊರ ಚರ್ಚಿನ) ಗುರುಗಳ ಹತ್ತಿರ ಹೋಗಿ ಕೇಳಿ, ಅವರಿಗೆ ಆ ಅಧಿಕಾರವಿದೆ. ಇನ್ನೂ ಹೊರದವರು ಬೈಬಲಿನ ಧರ್ಮೋಪದೇಶಕಾಂಡದ 23:22 ತೆಗೆದು ನೋಡಿ: ಹರಕೆ ಹೊರದಿದ್ದರೆ ಪಾಪವಿಲ್ಲ ಎಂದು ಅಲ್ಲೇ ಬರೆದಿದೆ.