ಗುಮ್ಮಟದ ಭಾರ ಇಳಿಯುವ ದಾರಿ: ಬೇಶೆಹಿರ್‌ನಿಂದ ಎಡಿರ್ನೆವರೆಗೆ ತುರ್ಕಿಯ ಮಸೀದಿಗಳು

ಗುಮ್ಮಟದ ಗಾತ್ರ ನೋಡಿ ಬೆರಗಾಗಲು ವಿಜಯಪುರದ ಕಡೆಯವರು ತುರ್ಕಿಗೆ ಹೋಗಬೇಕಾಗಿಲ್ಲ. ಗೋಳಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ತುರ್ಕಿಯನ್ನು ಆಳಿದ ಒಟ್ಟೊಮನ್ ಮನೆತನದ ಕಟ್ಟಡಗಳಲ್ಲೇ ಮೇಲೆಂದು ಹೆಸರಾದ ಎಡಿರ್ನೆಯ ಸೆಲಿಮಿಯೆ ಗುಮ್ಮಟದ್ದು 31 ಮೀಟರ್ ಚಿಲ್ಲರೆ. ಆದರೆ ನಮ್ಮ ಗೋಳಗುಮ್ಮಟವನ್ನು ಹೊತ್ತಿರುವುದು ದಪ್ಪನೆಯ ನಾಲ್ಕು ಗೋಡೆಗಳು. ತುರ್ಕಿಯವರಿಗೆ ಗೋಡೆ ತುಂಬ ಕಿಟಕಿ ಬೇಕಿತ್ತು, ನಮಾಜಿಗೆ ಸಾಲಾಗಿ ನಿಂತವರಿಗೆ ಕಂಬ ಅಡ್ಡ ಬರಬಾರದಿತ್ತು, ಮೇಲಾಗಿ ಅದು ಭೂಕಂಪದ ನೆಲ. ಅಲ್ಲಿಗೆ ಹೋದವರು ಗುಮ್ಮಟವನ್ನಷ್ಟೇ ನೋಡಿ ಕತ್ತು ನೋಯಿಸಿಕೊಂಡು ಬರುತ್ತಾರೆ. ನೋಡಬೇಕಾದದ್ದು ಅದರ ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು. ಅದಕ್ಕೆ ಕಟ್ಟಿದ ಕಾಲಕ್ರಮದಲ್ಲೇ ಹೋಗುವುದು ಒಳ್ಳೆಯದು: ಬೇಶೆಹಿರ್, ಬುರ್ಸಾ, ಇಸ್ತಾಂಬುಲ್, ಎಡಿರ್ನೆ. ಎಡಿರ್ನೆಯ ಹಳೆಯ ಎರಡು ಮಸೀದಿಗಳು, ಇಸ್ತಾಂಬುಲ್‌ನ ಕೆಲವು ಕಟ್ಟಡಗಳು ಈ ಸಾಲಿನಲ್ಲಿ ಹಿಂದೆಮುಂದೆ ಆಗುತ್ತವೆ, ಪರವಾಗಿಲ್ಲ.

ಇಸ್ತಾಂಬುಲ್‌ನಲ್ಲಿ ಇಳಿದರೂ ಮೊದಲು ಕೊನ್ಯಾಕ್ಕೆ ಹೊರಡಿ. ವೇಗದ ರೈಲಿನಲ್ಲಿ ಸುಮಾರು ಐದು ಗಂಟೆ. ವಾರಾಂತ್ಯದ ಸೀಟುಗಳು ಬೇಗ ತುಂಬುವುದರಿಂದ ಟಿಕೆಟ್ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಕೊನ್ಯಾ ಬಸ್ ನಿಲ್ದಾಣದಿಂದ ಬೇಶೆಹಿರ್ ಒಂದೂವರೆ ಗಂಟೆಯ ದಾರಿ. ಊರು ಸಣ್ಣದು, ಎದುರಿಗೆ ದೊಡ್ಡ ಕೆರೆ. 1296ರಿಂದ 1299ರ ನಡುವೆ ಕಟ್ಟಿದ ಎಶ್ರೆಫೋಲು ಮಸೀದಿಯ ಹೊರಗೋಡೆ ನೋಡಿದರೆ ಒಳಗೇನಿದೆ ಎಂದು ಊಹಿಸಲಾಗದು. ಒಳಗೆ ನಲವತ್ತಕ್ಕೂ ಹೆಚ್ಚು ದೇವದಾರು ಕಂಬಗಳು, ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿದ ಬೋದಿಗೆಗಳು, ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಜಂತಿಯ ಮೇಲಿನ ಬಣ್ಣದ ಚಿತ್ತಾರ ಈಗಲೂ ಅಲ್ಲಲ್ಲಿ ಉಳಿದಿದೆ. ಇಲ್ಲಿ ಭಾರ ನೆಟ್ಟಗೆ ಕೆಳಗಿಳಿಯುತ್ತದೆ. ಮೆಕ್ಕಾದ ದಿಕ್ಕು ತೋರುವ ಗೋಡೆಗೂಡಾದ ಮಿಹ್ರಾಬಿನ ಮುಂದೆ ಒಂದು ಪುಟ್ಟ ಗುಮ್ಮಟ ಬಿಟ್ಟರೆ ಉಳಿದದ್ದೆಲ್ಲ ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಇದ್ದಂಥ ಮಣ್ಣಿನ ಮಾಳಿಗೆ. ಅದರ ಮೇಲೆ ಇಳಿಜಾರು ಚಾವಣಿ ಬಂದದ್ದು ಆಮೇಲೆ.

ನಡುವೆ ನೆಲದಲ್ಲೊಂದು ಚೌಕ ಗುಂಡಿ ಇದೆ, ಸುತ್ತ ಮರದ ಕಟಕಟೆ. ಅದರ ನೇರಕ್ಕೆ ಮೇಲೆ ಬೆಳಕಿಂಡಿ. ಹಿಂದೆ ಅದು ತೆರೆದೇ ಇತ್ತು, ಮಾಳಿಗೆಯ ಹಿಮವನ್ನು ಅಲ್ಲಿಂದಲೇ ಗುಂಡಿಗೆ ತಳ್ಳುತ್ತಿದ್ದರು. ನಿಧಾನವಾಗಿ ಕರಗುವ ಹಿಮದಿಂದ ಒಳಗಿನ ಗಾಳಿಯಲ್ಲಿ ತೇವ ಉಳಿದು ಮರ ಸೀಳುತ್ತಿರಲಿಲ್ಲ. ಏಳು ಶತಮಾನ ಕಳೆದರೂ ಆ ಕಂಬಗಳು ನಿಂತಿವೆ. ಕಟ್ಟುವ ಮೊದಲು ಮರವನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ನೆನೆಹಾಕಿದ್ದರು ಎಂದು ಊರವರು ಹೇಳುತ್ತಾರೆ. 2023ರಲ್ಲಿ ಯುನೆಸ್ಕೋ ಇಂಥ ಐದು ಮರದ ಮಸೀದಿಗಳನ್ನು ಒಟ್ಟಾಗಿ ಪಟ್ಟಿಗೆ ಸೇರಿಸಿತು. ಉಳಿದ ನಾಲ್ಕು ಅಫ್ಯೋನ್, ಅಂಕಾರಾ, ಸಿವ್ರಿಹಿಸಾರ್ ಮತ್ತು ಕಸ್ತಮೋನು ಬಳಿಯ ಕಸಬಾದಲ್ಲಿವೆ. ಒಂದನ್ನೇ ನೋಡಲು ಸಮಯವಿದ್ದರೆ ಬೇಶೆಹಿರ್ ಸಾಕು.

ವಾಪಸು ಬರುವಾಗ ಎಸ್ಕಿಶೆಹಿರ್‌ನಲ್ಲಿ ರೈಲು ಇಳಿದು ಬುರ್ಸಾಕ್ಕೆ ಬಸ್ಸು ಹಿಡಿಯಿರಿ. ಬುರ್ಸಾದ ಉಲು ಜಾಮಿಯನ್ನು (ದೊಡ್ಡ ಮಸೀದಿ) ಒಟ್ಟೊಮನ್ ಸುಲ್ತಾನ ಒಂದನೆಯ ಬಾಯಜೀದ್ 1396–1399ರಲ್ಲಿ ಕಟ್ಟಿಸಿದ. ನಿಕೋಪೊಲಿಸ್ ಯುದ್ಧ ಗೆದ್ದರೆ ಇಪ್ಪತ್ತು ಮಸೀದಿ ಕಟ್ಟಿಸುತ್ತೇನೆಂದು ಹರಕೆ ಹೊತ್ತು, ಕೊನೆಗೆ ಇಪ್ಪತ್ತು ಗುಮ್ಮಟದ ಒಂದೇ ಮಸೀದಿಯಲ್ಲಿ ಮುಗಿಸಿದ ಎಂಬುದು ಜನ ಹೇಳುವ ಕತೆ. ಚೌಕಾಸಿ ಎಲ್ಲ ಕಾಲದಲ್ಲೂ ಇದ್ದದ್ದೇ. ಇಪ್ಪತ್ತು ಗುಮ್ಮಟಕ್ಕೆ ಒಳಗೆ ಹನ್ನೆರಡು ಕಲ್ಲಿನ ಕಂಬಗಳು. ಒಂದೊಂದೂ ಎಷ್ಟು ದಪ್ಪವೆಂದರೆ ಹಿಂದೆ ಕೂತವರಿಗೆ ಪ್ರವಚನದ ಪೀಠವಾದ ಮಿಂಬರ್ ಕಾಣುವುದಿಲ್ಲ. ಒಟ್ಟೊಮನ್ನರಿಗೆ ಮುಂದೆ ಬಿಡಿಸಬೇಕಾಗಿ ಬಂದ ತೊಡಕು ಇದೇ. ಈ ಕಂಬಗಳ ಮೇಲೆ ಬರೆದ ಆಳೆತ್ತರದ ಅರಬ್ಬಿ ಅಕ್ಷರಗಳು, ಮೊಳೆ ಬಡಿಯದೆ ತುಂಡು ತುಂಡು ಜೋಡಿಸಿದ ಅಕ್ರೋಟ್ ಮರದ ಮಿಂಬರ್, ಕಟ್ಟಡದ ಒಳಗೇ ಇರುವ, ನಮಾಜಿಗೆ ಮೊದಲು ಕೈಕಾಲು ತೊಳೆಯುವ ವಜೂ ಕಾರಂಜಿ, ಇವು ಮೂರನ್ನು ಬಿಡಬಾರದು. ಕಾರಂಜಿಯ ಮೇಲಿನ ಗುಮ್ಮಟ ಹಿಂದೆ ಆಕಾಶಕ್ಕೆ ತೆರೆದಿತ್ತು, ಈಗ ಗಾಜು ಹಾಕಿದ್ದಾರೆ. ಸುತ್ತಲಿನ ಅಮೃತಶಿಲೆ ಸದಾ ಒದ್ದೆ; ಕಾಲುಚೀಲದಲ್ಲಿ ಜಾರುತ್ತದೆ, ನೋಡಿಕೊಂಡು ಕಾಲಿಡಿ.

ಬುರ್ಸಾದ ಬಂದರು ಮುದಾನ್ಯಾದಿಂದ ಇಸ್ತಾಂಬುಲ್‌ಗೆ ಫೆರ್ರಿಯಲ್ಲಿ ಸುಮಾರು ಎರಡು ಗಂಟೆ. ಚಳಿಗಾಲದಲ್ಲಿ ನೈಋತ್ಯದ ಲೊದೋಸ್ ಗಾಳಿ ಎದ್ದರೆ ಫೆರ್ರಿ ರದ್ದು. ಅಂಥ ದಿನ ಬಸ್ಸೇ ಗತಿ. ಮರುದಿನ ವಿಮಾನ ಹಿಡಿಯುವುದಿದ್ದರೆ ಫೆರ್ರಿಯನ್ನು ನೆಚ್ಚಿಕೊಳ್ಳಬೇಡಿ.

ಇಸ್ತಾಂಬುಲ್‌ನಲ್ಲಿ ಕೆಡುವುದು ಹೆಚ್ಚಾಗಿ ಸಮಯದ ಲೆಕ್ಕ. ತುರ್ಕಿ ವರ್ಷವಿಡೀ ಗಡಿಯಾರ ಬದಲಿಸುವುದಿಲ್ಲ. ಅಲ್ಲಿ ಮಧ್ಯಾಹ್ನದ ನಮಾಜು ಯಾವ ತಿಂಗಳಲ್ಲೂ ಒಂದು ಗಂಟೆಯ ಆಸುಪಾಸು. ಹೆಸರಾದ ಮಸೀದಿಗಳು ನಮಾಜಿಗೆ ಅರ್ಧ ಮುಕ್ಕಾಲು ಗಂಟೆ ಮೊದಲೇ ಪ್ರವಾಸಿಗರನ್ನು ನಿಲ್ಲಿಸಿ, ಮುಗಿದ ಅರ್ಧ ಗಂಟೆಗೆ ಬಿಡುತ್ತವೆ. ಹನ್ನೆರಡೂವರೆಗೆ ಹೋದರೆ ಬಿಸಿಲಲ್ಲಿ ಸಾಲು ನಿಲ್ಲಬೇಕಾಗುತ್ತದೆ. ಶುಕ್ರವಾರ ಎರಡೂವರೆಯ ತನಕ ಬಾಗಿಲು ಇಲ್ಲವೆಂದೇ ತಿಳಿಯಿರಿ. ಗಂಡಸರಿಗೆ ಚಡ್ಡಿ ನಡೆಯದು, ಹೆಂಗಸರಿಗೆ ತಲೆಯ ಮೇಲೆ ಬಟ್ಟೆ ಬೇಕು. ದುಪಟ್ಟಾ ಧಾರಾಳ ಸಾಕು. ಬಾಗಿಲಲ್ಲಿನ ಮರದ ಹಲಗೆಯ ಮೇಲೆ ಚಪ್ಪಲಿ ಇಡುವುದೇ ಎಲ್ಲರೂ ಬೈಸಿಕೊಳ್ಳುವ ತಪ್ಪು: ಹಲಗೆಯ ಹೊರಗೇ ಕಳಚಿ, ಚೀಲಕ್ಕೆ ಹಾಕಿ, ಆಮೇಲೆ ಕಾಲಿಡಬೇಕು. ನಮಾಜು ಮಾಡುತ್ತಿರುವವರ ಮುಂದೆ ಹಾಯಬೇಡಿ.

ಮೊದಲು ಆಯಾ ಸೋಫಿಯಾ, ಯಾಕೆಂದರೆ ಒಟ್ಟೊಮನ್ನರು ಪಂಥಕ್ಕೆ ಬಿದ್ದದ್ದು ಇದರ ಜೊತೆಗೆ. 537ರಲ್ಲಿ ಚರ್ಚಾಗಿ ಮುಗಿದು, 1453ರಲ್ಲಿ ಮಸೀದಿಯಾಗಿ, 1934ರ ತೀರ್ಮಾನದಿಂದ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಮತ್ತೆ ಮಸೀದಿಯಾಯಿತು. ಮೊದಲ ಗುಮ್ಮಟ 558ರಲ್ಲೇ ಕುಸಿದಿತ್ತು. 2024ರಿಂದ ವಿದೇಶಿ ಪ್ರವಾಸಿಗರಿಗೆ ಮೇಲಿನ ಉಪ್ಪರಿಗೆ ಮಾತ್ರ, ಟಿಕೆಟ್ 25 ಯೂರೋ ಇಟ್ಟಿದ್ದರು. ಕೆಳಗಿನ ಹಜಾರ ನಮಾಜಿಗೆ ಬಂದವರಿಗೆ. ಟಿಕೆಟ್ ದುಬಾರಿಯೇ, ಆದರೂ ದೊಡ್ಡ ಗುಮ್ಮಟಕ್ಕೆ ಪಕ್ಕದಿಂದ ಆನಿಕೆ ಕೊಡುವ ಅರೆಗುಮ್ಮಟಗಳು ಮೇಲಿನಿಂದ ಚೆನ್ನಾಗಿ ಕಾಣುತ್ತವೆ.

ಎದುರಿಗಿರುವ ಸುಲ್ತಾನ್ ಅಹ್ಮದ್ ಮಸೀದಿಗೆ (1609–1616) ಟಿಕೆಟ್ ಇಲ್ಲ, ಆರು ಮಿನಾರು, ಎಲ್ಲರ ಫೋಟೋದಲ್ಲೂ ಇರುವುದು. ಇಲ್ಲಿ 23.5 ಮೀಟರಿನ ಗುಮ್ಮಟಕ್ಕೆ ಆನೆಕಾಲು ಎಂದೇ ಕರೆಯುವ, ಐದು ಮೀಟರ್ ಅಡ್ಡಗಲದ ನಾಲ್ಕು ಕಂಬಗಳು. ಹೊಟ್ಟೆಕಿಚ್ಚಿಲ್ಲದೆ ಹೇಳಬೇಕೆಂದರೆ, ಒಟ್ಟೊಮನ್ನರ ಹೆಸರಾಂತ ವಾಸ್ತುಶಿಲ್ಪಿ ಸಿನಾನ್ ತೀರಿಕೊಂಡು ಇಪ್ಪತ್ತು ವರ್ಷದ ಮೇಲೆ ಕಟ್ಟಿದ್ದರೂ ಇದು ಅವನಿಗಿಂತ ಹಿಂದಿನದೆಂಬಂತೆ ಕಾಣುತ್ತದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚಿನ, ಇಜ್ನಿಕ್ ಊರಿನ ಟೈಲ್ಸ್‌ಗಳಲ್ಲಿ ಒಳ್ಳೆಯವು ಮೇಲಿನ ಉಪ್ಪರಿಗೆಯಲ್ಲಿವೆ, ಕೆಳಗೆ ನಿಂತವರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಟೈಲ್ಸ್ ನೋಡುವ ಆಸೆ ಇದ್ದರೆ ಎಮಿನೋನು ಹತ್ತಿರ ರುಸ್ತುಂ ಪಾಶಾ ಮಸೀದಿಗೆ ಹೋಗಿ. ಅದು ಅಂಗಡಿಗಳ ಮೇಲೆ ಕಟ್ಟಿದ್ದು. ಅಂಗಡಿ ಸಾಲಿನ ನಡುವಿನ ಮೆಟ್ಟಿಲು ತಪ್ಪಿಸಿಕೊಂಡು ಮುಂದೆ ಹೋಗುವವರೇ ಹೆಚ್ಚು. ಗೋಡೆಯ ಹತ್ತಿರ ನಿಂತು ಕೆಂಪನ್ನು ನೋಡಿ: ಉಳಿದ ಬಣ್ಣಗಳು ಗಾಜಿನ ಮೆರುಗಿನಡಿ ಸಪಾಟಾಗಿದ್ದರೆ, ಕೆಂಪು ಮಾತ್ರ ದಪ್ಪ ಜೇಡಿಯಾಗಿ ಮೇಲೆದ್ದಿರುತ್ತದೆ.

ಶೆಹಜಾದೆ ಮಸೀದಿ (1548) ಸಿನಾನನ ಮೊದಲ ದೊಡ್ಡ ಕೆಲಸ, ನಾಲ್ಕೂ ದಿಕ್ಕಿಗೆ ಅರೆಗುಮ್ಮಟ. ಅಲ್ಲಿಂದ ಕಾಲುನಡಿಗೆಯಲ್ಲೇ ಸುಲೇಮಾನಿಯೆ (1550–1557). ಇಲ್ಲಿ ಕನಿಷ್ಠ ಅರ್ಧ ದಿನ ಬೇಕು. ಗುಮ್ಮಟ 26.5 ಮೀಟರ್ ಅಗಲ, ನೆಲದಿಂದ 53 ಮೀಟರ್ ಎತ್ತರ. ಮಿಹ್ರಾಬಿನ ಕಡೆ ಮತ್ತು ಬಾಗಿಲ ಕಡೆ ಮಾತ್ರ ಅರೆಗುಮ್ಮಟ. ಎಡಬಲಕ್ಕೆ ದೊಡ್ಡ ಕಮಾನು, ಕಮಾನಿನೊಳಗೆಲ್ಲ ಕಿಟಕಿ. ಹಾಗಾದರೆ ಪಕ್ಕಕ್ಕೆ ಒತ್ತುವ ಬಲ ಏನಾಯಿತು? ಹೊರಗೆ ಬಂದು ಪಕ್ಕದ ಗೋಡೆ ನೋಡಿ. ಎರಡಂತಸ್ತಿನ ಮೊಗಸಾಲೆ ಇದೆಯಲ್ಲ, ಭಾರಿ ಒತ್ತುಗೋಡೆಗಳನ್ನು ಅದರ ಹಿಂದೆ ಅಡಗಿಸಿದ್ದಾನೆ. ಗುಮ್ಮಟದ ಸುತ್ತ ಮೂಲೆಗಳಲ್ಲಿ ಕಾಣುವ ಸಣ್ಣ ಗೋಪುರಗಳೂ ಅಲಂಕಾರಕ್ಕಲ್ಲ. ಕಂಬದ ನೆತ್ತಿಯ ಮೇಲೆ ತೂಕ ಹೇರಿದರೆ ಹೊರಕ್ಕೆ ಸರಿಯುವ ಒತ್ತಡ ಕೆಳಕ್ಕೆ ತಿರುಗುತ್ತದೆ. ಒಳಗೆ ಕಮಾನುಗಳ ಬುಡದಲ್ಲಿ ಅಡ್ಡಕ್ಕೆ ಹಾಯ್ದ ಕಬ್ಬಿಣದ ಸರಳುಗಳಿವೆ. ಫೋಟೋ ಕೆಡಿಸುತ್ತವೆಂದು ಕೆಲವರು ಗೊಣಗುತ್ತಾರೆ, ಕಮಾನನ್ನು ಹಿಡಿದಿಟ್ಟಿರುವುದರಲ್ಲಿ ಅವುಗಳ ಪಾಲೂ ಇದೆ.

ಮೆಕ್ಕಾದ ಕಡೆಯ ಕಿಬ್ಲಾ ಗೋಡೆ ಆಗ್ನೇಯಕ್ಕಿದೆ. ಮಿಹ್ರಾಬಿನ ಮೇಲಿನ ಬಣ್ಣದ ಗಾಜು ಬೆಳಗುವುದು ಬೆಳಿಗ್ಗೆ. ಅದೇ ಹೊತ್ತಿಗೆ ಮೊಬೈಲಿನಲ್ಲಿ ಮಿಹ್ರಾಬ್ ತೆಗೆದರೆ ಎದುರು ಬೆಳಕಿಗೆ ಕಪ್ಪಾಗಿ ಬರುತ್ತದೆ. ಅದಕ್ಕೆ ಮಧ್ಯಾಹ್ನದ ಮೇಲೆ ಬನ್ನಿ. ಎಣ್ಣೆ ದೀಪಗಳ ಹೊಗೆ ಗೋಡೆಗೆ ಹತ್ತದಂತೆ ಸಿನಾನ್ ಗಾಳಿಯ ಹರಿವನ್ನು ಬಾಗಿಲ ಮೇಲಿನ ಕೋಣೆಗೆ ತಿರುಗಿಸಿದ್ದನೆಂದೂ, ಅಲ್ಲಿ ಕೂಡಿದ ಮಸಿಯಿಂದ ಶಾಯಿ ಮಾಡುತ್ತಿದ್ದರೆಂದೂ ಪ್ರತೀತಿ. ಹಿಂದಿನ ತೋಟದಲ್ಲಿ ಮಸೀದಿ ಕಟ್ಟಿಸಿದ ಸುಲ್ತಾನ ಸುಲೇಮಾನ್ ಮತ್ತು ಅವನ ಹೆಂಡತಿ ಹುರ್ರೆಂ ಗೋರಿಗಳು. ಸಿನಾನನ ಗೋರಿ ಆವರಣದ ಹೊರಗೆ ರಸ್ತೆ ಮೂಲೆಯಲ್ಲಿದೆ, ಬಹಳ ಚಿಕ್ಕದು. ಎದುರಿನ ಸಾಲು ಹೋಟೆಲುಗಳಲ್ಲಿ ಬಿಳಿ ಬೀನ್ಸ್ ಪಲ್ಯದಂಥ ಕುರು ಫಸುಲ್ಯೆ ಮತ್ತು ಅನ್ನ ಸಿಗುತ್ತದೆ. ಸಸ್ಯಾಹಾರಿಗಳು “ಎತ್‌ಸಿಜ್?” (ಮಾಂಸವಿಲ್ಲದ್ದೇ?) ಎಂದು ಕೇಳಿಯೇ ತಟ್ಟೆ ಹಿಡಿಯಿರಿ, ಹಲವೆಡೆ ಮಾಂಸ ಹಾಕಿ ಬೇಯಿಸುತ್ತಾರೆ. ಇಸ್ತಾಂಬುಲ್‌ನಲ್ಲೇ ಇನ್ನೊಂದು ಗುಡ್ಡದ ಮೇಲಿನ ಹೊಸ ಚಾಮ್ಲಿಜಾ ಮಸೀದಿ (2019) ದೊಡ್ಡದು, ಅಷ್ಟೇ.

ಎಡಿರ್ನೆಗೆ ಬಸ್ಸಿನಲ್ಲಿ ಮೂರು ಗಂಟೆಯ ಒಳಗೆ. ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಮೂರು ಮಸೀದಿಗಳೂ ಹತ್ತು ನಿಮಿಷದ ನಡಿಗೆಯ ಒಳಗಿವೆ. ಎಸ್ಕಿ ಜಾಮಿಯಲ್ಲಿ (1414) ಒಂಬತ್ತು ಗುಮ್ಮಟಕ್ಕೆ ಕಂಬಗಳು ನಾಲ್ಕಕ್ಕೆ ಇಳಿದಿವೆ. ಉಚ್ ಶೆರೆಫೆಲಿ (1447) ಒಮ್ಮೆಗೇ 24 ಮೀಟರಿನ ಒಂದು ಗುಮ್ಮಟಕ್ಕೆ ಹಾರುತ್ತದೆ: ಆರು ಆಧಾರ, ನಾಲ್ಕು ಗೋಡೆಗೆ ಅಂಟಿಕೊಂಡಿವೆ, ಬಿಡಿಯಾಗಿ ನಿಂತಿರುವುದು ಎರಡು. ಆ ಎರಡು ಮಾತ್ರ ತೀರ ದಪ್ಪ, ಎಡಬಲದ ಜಾಗವನ್ನು ಕತ್ತಲೆ ಮಾಡಿಬಿಟ್ಟಿವೆ.

ಇದನ್ನು ನೋಡಿ ನೇರವಾಗಿ ಸೆಲಿಮಿಯೆಗೆ ಹೋಗಬೇಕು. 1575ರಲ್ಲಿ ಮುಗಿದಾಗ ಸಿನಾನ್ ಎಂಬತ್ತರ ಮುದುಕ. 31 ಮೀಟರಿಗೆ ಮೀರಿದ ಗುಮ್ಮಟ ಎಂಟು ಕಂಬಗಳ ಮೇಲಿದೆ, ಎಂಟನ್ನೂ ಗೋಡೆಯ ಕಡೆಗೆ ಸರಿಸಿದ್ದಾನೆ. ಮಿಹ್ರಾಬನ್ನು ಹೊರಕ್ಕೆ ತಳ್ಳಿ ಮೂರು ಕಡೆಯಿಂದ ಬೆಳಕು ಕೊಟ್ಟಿದ್ದಾನೆ. ಎಲ್ಲಿ ಕೂತರೂ ಇಡೀ ಗುಮ್ಮಟ ಒಂದೇ ನೋಟಕ್ಕೆ ಸಿಗುತ್ತದೆ, ಇಸ್ತಾಂಬುಲ್‌ನ ದೊಡ್ಡ ಮಸೀದಿಗಳಲ್ಲಿ ಇದು ಸಾಧ್ಯವಿಲ್ಲ. 70 ಮೀಟರಿಗೂ ಎತ್ತರದ ನಾಲ್ಕು ಮಿನಾರುಗಳಲ್ಲಿ ಎರಡರೊಳಗೆ ಮೂರು ಮೂರು ಸುರುಳಿ ಮೆಟ್ಟಿಲು. ಮೂವರು ಒಟ್ಟಿಗೆ ಹತ್ತಿದರೂ ಒಬ್ಬರಿಗೊಬ್ಬರು ಎದುರಾಗುವುದಿಲ್ಲ. ನಟ್ಟನಡುವೆ ಇರುವ, ನಮಾಜಿಗೆ ಕರೆ ಕೊಡುವ ಮುಅಜ್ಜಿನನ ಕಟ್ಟೆಯ ಅಮೃತಶಿಲೆ ಕಂಬದಲ್ಲಿ ತಲೆಕೆಳಗಾದ ಟುಲಿಪ್ ಹೂವಿದೆ. ಬೆರಳುದ್ದದ್ದು, ಹುಡುಕಬೇಕು. 2021ರಲ್ಲಿ ದೊಡ್ಡ ದುರಸ್ತಿ ಶುರುವಾಗಿ ವರ್ಷಗಟ್ಟಲೆ ಒಳಗೆ ಸಾರುವೆ ಕಟ್ಟಿದ್ದರು, ಹೊರಡುವ ಮೊದಲು ಈಗಿನ ಸ್ಥಿತಿ ವಿಚಾರಿಸಿಕೊಳ್ಳಿ. ಜೂನ್ ಕೊನೆ, ಜುಲೈ ಮೊದಲಲ್ಲಿ ಕಿರ್ಕ್‌ಪಿನಾರ್ ಎಣ್ಣೆಕುಸ್ತಿ ನಡೆಯುವ ವಾರ ಎಡಿರ್ನೆಯಲ್ಲಿ ರೂಮು ಸಿಗುವುದೂ ಕಷ್ಟ, ಬಸ್ಸಿನ ಸೀಟೂ ಕಷ್ಟ.