ಬಾಣಂತನಕ್ಕೆ ಜರ್ಮನಿಗೆ ಹೊರಟ ಅಮ್ಮಂದಿರಿಗೆ

ಮಗಳಿಗೆ ಮ್ಯೂನಿಕ್‌ನಲ್ಲೋ ಬರ್ಲಿನ್‌ನಲ್ಲೋ ದಿನ ತುಂಬುತ್ತಿದೆ ಎಂದರೆ ಜಯನಗರ, ಮಲ್ಲೇಶ್ವರದ ಮನೆಗಳಲ್ಲಿ ಮೊದಲು ಶುರುವಾಗುವುದು ಬಾಣಂತಿ ಖಾರಕ್ಕೆ ಸಾಮಾನು ಹೊಂದಿಸುವ ಕೆಲಸ. ಖಾರ ಕೊನೆಯ ವಾರದಲ್ಲಿ ಕುಟ್ಟಿಸಿದರೂ ನಡೆಯುತ್ತದೆ. ಮೊದಲು ಕ್ಯಾಲೆಂಡರ್ ತೆಗೆಯಿರಿ.

ಜರ್ಮನಿಯೂ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳೊಳಗೆ ಇರಬಹುದಾದದ್ದು 90 ದಿನ ಮಾತ್ರ. ಬಂದಿಳಿದ ದಿನವೂ ಲೆಕ್ಕಕ್ಕೆ, ಹೊರಟ ದಿನವೂ ಲೆಕ್ಕಕ್ಕೆ. ಡಾಕ್ಟರು ಕೊಟ್ಟ ತಾರೀಖು ಸೆಪ್ಟೆಂಬರ್ 20 ಎಂದಿಟ್ಟುಕೊಳ್ಳಿ. ಎರಡು ವಾರ ಮುಂಚೆ, 6ರಂದು ಬಂದರೆ ಅದೇ ಮೊದಲ ದಿನ. ತೊಂಬತ್ತನೆಯದು ಡಿಸೆಂಬರ್ 4. ಮಗು ಹೇಳಿದ ದಿನಕ್ಕೇ ಹುಟ್ಟಿದರೆ ಬಾಣಂತನಕ್ಕೆ ಸಿಗುವುದು ಸುಮಾರು ಎಪ್ಪತ್ತೈದು ದಿನ, ಹತ್ತು ದಿನ ತಡವಾದರೆ ಅರವತ್ತೈದು. ಒಂದು ತಿಂಗಳು ಮುಂಚೆಯೇ ಹೋಗಿ ಕೂರುವುದು ಬೇಡ ಎನ್ನುವುದು ಇದಕ್ಕೇ. ಬೀಗಿತ್ತಿಯರಿಬ್ಬರೂ ಬರುವವರಾದರೆ ಜೊತೆಯಲ್ಲಿ ಬರಬೇಡಿ, ಒಬ್ಬರ ನಂತರ ಒಬ್ಬರು ಬನ್ನಿ. ಅಡುಗೆಮನೆ ಒಪ್ಪಿಸಿಕೊಡಲು ನಡುವೆ ಎರಡು ದಿನ ಇಬ್ಬರೂ ಇದ್ದರೆ ಸಾಕು. ಮಗಳಿಗೆ ಆರು ತಿಂಗಳ ಆಸರೆ ಸಿಗುತ್ತದೆ.

ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಕನ್ನಡಕ ಹಾಕಿಕೊಂಡು ವೀಸಾ ಸ್ಟಿಕ್ಕರ್ ಓದಿ. ಅದರಲ್ಲಿ ‘ಈ ದಿನದಿಂದ’, ‘ಈ ದಿನದವರೆಗೆ’ ಎಂದು ಎರಡು ತಾರೀಖು ಇರುತ್ತವೆ. ಅದರ ಕೆಳಗೆ ಎಷ್ಟು ಸಲ ಒಳಗೆ ಬರಬಹುದು, ಎಷ್ಟು ದಿನ ಇರಬಹುದು ಎಂಬ ಅಂಕಿಗಳು. ತಾರೀಖು ಸೆಪ್ಟೆಂಬರ್ 6ರಿಂದ ಡಿಸೆಂಬರ್ 19ರವರೆಗೆ ಇದ್ದು ದಿನ 90 ಎಂದಿದ್ದರೆ, 19ರವರೆಗೆ ಇರಬಹುದು ಅಂತ ಅರ್ಥವಲ್ಲ. ಆ ಹೆಚ್ಚಿನ 15 ದಿನ ಇರುವುದು ಟಿಕೆಟ್ ಹಿಂದೆಮುಂದೆ ಮಾಡಿಕೊಳ್ಳುವುದಕ್ಕೆ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ವ್ಯವಸ್ಥೆಯಲ್ಲಿ ಗಡಿಯಲ್ಲೇ ಬೆರಳಚ್ಚು, ಮುಖದ ಫೋಟೋ ತೆಗೆದು ದಿನಗಳನ್ನು ಕಂಪ್ಯೂಟರೇ ಎಣಿಸುತ್ತದೆ. ಪ್ರವೇಶ ‘01’ ಎಂದಿದ್ದರೆ ನಡುವೆ ಲಂಡನ್ನಿನ ನೆಂಟರ ಮನೆಗೆ ಹೋಗಿಬರುವ ಯೋಚನೆ ಬಿಡಿ. ಬ್ರಿಟನ್ ಷೆಂಗೆನ್‌ನೊಳಗಿಲ್ಲ. ಒಮ್ಮೆ ದಾಟಿದರೆ ವೀಸಾ ಮುಗಿಯಿತು.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಕೊಡಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ತೀರ್ಮಾನ ಸಾಮಾನ್ಯವಾಗಿ 15 ದಿನದಲ್ಲಿ ಬರುತ್ತದೆ, 45 ದಿನದವರೆಗೂ ಎಳೆಯಬಹುದು. ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಬೇಕು. ಆದರೆ ಮೊದಲಿನಿಂದಲೂ ಇರುವ ಬಿಪಿ, ಸಕ್ಕರೆ ಕಾಯಿಲೆಗೆ ಅದು ಬಹುತೇಕ ಒದಗುವುದಿಲ್ಲ, ಪಾಲಿಸಿ ಓದಿಯೇ ಕೊಳ್ಳಿ. ಖರ್ಚನ್ನು ಮಗಳು ಅಳಿಯ ಹೊರುವುದಾದರೆ ಅವರು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ 29 ಯೂರೋ ಕಟ್ಟಿ ಮುಚ್ಚಳಿಕೆ ಪತ್ರ ಮಾಡಿಸಬೇಕು. ಅದರ ಜರ್ಮನ್ ಹೆಸರು ಒಂದೇ ಉಸಿರಿಗೆ ಹೇಳಲಾಗದು, ಬಿಡಿ. ಆ ಕಚೇರಿಯ ಅಪಾಯಿಂಟ್‌ಮೆಂಟಿಗೇ ವಾರಗಟ್ಟಲೆ ಕಾಯಬೇಕಾಗುವುದರಿಂದ ಶುರು ಮಾಡಬೇಕಾದವರು ಅವರು, ನೀವಲ್ಲ.

ನಮ್ಮ ಕಡೆಯ ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಅಮ್ಮನ ಪಾಸ್‌ಪೋರ್ಟಿನಲ್ಲಿ ‘ಲಕ್ಷ್ಮೀದೇವಮ್ಮ’, ಮಗಳ ಜನನ ಪತ್ರದಲ್ಲಿ ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ಮುಂದೊಂದು ಇನಿಷಿಯಲ್. ತಾಯಿ ಮಗಳ ಸಂಬಂಧಕ್ಕೆ ಈ ಕಾಗದಗಳೇ ಸಾಕ್ಷಿ. ವ್ಯತ್ಯಾಸವಿದ್ದರೆ ಈ ಹೆಸರುಗಳೆಲ್ಲ ಅಮ್ಮ ಒಬ್ಬರವೇ ಎಂಬ ಅಫಿಡವಿಟ್ಟನ್ನು ನೋಟರಿ ಹತ್ತಿರ ಮಾಡಿಸಿ ಜೊತೆಗಿಡಿ.

ಇನ್ನು ಬ್ಯಾಗು. ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಹೊರಗಿನ ದೇಶಗಳಿಂದ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಯೂರೋಪಿಯನ್ ಒಕ್ಕೂಟ ನಿಷೇಧಿಸಿದೆ. ಧಾರವಾಡ ಪೇಡಕ್ಕೂ ಇದೇ ಗತಿ. ಹಸಿ ಸೊಪ್ಪು, ಹಣ್ಣು, ತರಕಾರಿಗೆ 2019ರ ಡಿಸೆಂಬರ್‌ನಿಂದ ಸಸ್ಯ ಆರೋಗ್ಯ ಪತ್ರ ಬೇಕು. ಅಂದರೆ ಕರಿಬೇವು, ವೀಳ್ಯದೆಲೆ ಎರಡೂ ಇಲ್ಲ. ಪತ್ರ ಬೇಡದ್ದು ಐದೇ ಹಣ್ಣಿಗೆ: ಬಾಳೆ, ತೆಂಗು, ಅನಾನಸ್, ಖರ್ಜೂರ, ಡೂರಿಯನ್. ತಮಾಷೆ ನೋಡಿ, ತೆಂಗಿನಕಾಯಿಗೆ ಯೂರೋಪಿನ ತಕರಾರಿಲ್ಲ, ಒಣಕೊಬ್ಬರಿಗೆ ವಿಮಾನದವರ ತಕರಾರು. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಚೆಕ್‌ಇನ್ ಲಗೇಜಿನಲ್ಲಿ ಬಿಡುವುದಿಲ್ಲ. ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ‘ಕೊಕೊಸ್‌ರಾಸ್ಪೆಲ್’ ಎಂದು ಒಣ ಕೊಬ್ಬರಿ ತುರಿ ಸಿಗುತ್ತದೆ, ಅಂಟಿನುಂಡೆಗೆ ಅದು ಸಾಕು.

ಅಂಟಿನುಂಡೆ ಎಂದಾಗ ಗಸಗಸೆ ನೆನಪಾಗುತ್ತದೆ. ದುಬೈ ಮೇಲೆ ಹೋಗುವವರು ಚಿಟಿಕೆಯಷ್ಟನ್ನೂ ಒಯ್ಯಬೇಡಿ, ಅಡುಗೆ ಪುಡಿಯಲ್ಲಿ ಬೆರೆತದ್ದು ಕೂಡ. ಯುಎಇಯಲ್ಲಿ ಅದು ನಿಷೇಧಿತ ಪದಾರ್ಥ, ಜೈಲಿನ ಮಾತು. ಜರ್ಮನಿಯಲ್ಲಿ ಅದೇ ಗಸಗಸೆಯನ್ನು ಬ್ರೆಡ್ಡಿನ ಮೇಲೆ ಉದುರಿಸಿ ತಿನ್ನುತ್ತಾರೆ! ‘ಮೋನ್’ ಎಂದು ಕೇಳಿ. ನೀಲಿ ಕಪ್ಪು ಬಣ್ಣದ್ದು ಕೊಡುತ್ತಾರೆ. ಶುಂಠಿ, ಮೆಣಸು, ಓಮ, ಹಿಪ್ಪಲಿಗಳ ಪುಡಿ, ಬೆಲ್ಲ, ಅಂಟು ಚೆಕ್‌ಇನ್ ಬ್ಯಾಗಿನಲ್ಲಿ ಹೋಗಲಿ. ಮಾತ್ರೆಗಳು ಕೈಚೀಲದಲ್ಲಿರಲಿ, ಡಾಕ್ಟರ ಚೀಟಿಯಲ್ಲಿ ಔಷಧದ ಮೂಲ ಹೆಸರು ಇರಲಿ. ಡೋಲೋ ಎಂದರೆ ಅಲ್ಲಿ ಯಾರಿಗೂ ತಿಳಿಯದು, ಪ್ಯಾರಾಸಿಟಮಾಲ್ ಎಂದರೆ ತಿಳಿಯುತ್ತದೆ.

ತುಪ್ಪವನ್ನು ಅಲ್ಲೇ ಕಾಯಿಸುವುದು ಸುಲಭ. ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಪ್ಯಾಕಿನಲ್ಲಿ ಬರುತ್ತದೆ, ಕೊಬ್ಬಿನಂಶ 82 ಶೇಕಡ. ನಾಲ್ಕು ಪ್ಯಾಕ್ ಕಾಯಿಸಿದರೆ ಹತ್ತಿರ ಹತ್ತಿರ 800 ಗ್ರಾಂ ತುಪ್ಪ. ‘ಝೌವರ್‌ರಾಮ್‌ಬುಟರ್’ ಎಂದಿರುವುದನ್ನೇ ತೆಗೆದುಕೊಳ್ಳಿ. ಕೆನೆಗೆ ಹೆಪ್ಪು ಹಾಕಿ ತೆಗೆದದ್ದು, ಘಮ ನಮ್ಮ ಕಡೆಯದಕ್ಕೆ ಹತ್ತಿರ. ಗಾಜಿನ ಎಲೆಕ್ಟ್ರಿಕ್ ಒಲೆ ಆರಿಸಿದ ಮೇಲೂ ಕಾವು ಇಳಿಯುವುದಿಲ್ಲ. ತಳದ ಚರಟ ಹೊಂಬಣ್ಣಕ್ಕೆ ತಿರುಗುವಾಗಲೇ ಪಾತ್ರೆಯನ್ನು ಪಕ್ಕಕ್ಕಿಡಿ, ಒಲೆಯ ಮೇಲೇ ಬಿಟ್ಟರೆ ಸೀಯುತ್ತದೆ.

ಎರೆಯುವುದಕ್ಕೆ ಬಚ್ಚಲು ನಮ್ಮಂತಿಲ್ಲ. ಬಹಳಷ್ಟು ಮನೆಗಳಲ್ಲಿ ನೆಲದಲ್ಲಿ ನೀರು ಹೋಗುವ ಕಿಂಡಿಯೇ ಇರುವುದಿಲ್ಲ. ಮಣೆ ಹಾಕಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ ಎರೆದರೆ ನೀರು ಕೆಳಗಿನ ಮನೆಯವರ ಸೀಲಿಂಗಿಗೆ. ಟಬ್ಬಿನೊಳಗೇ ಗಿಡ್ಡ ಸ್ಟೂಲ್ ಇಟ್ಟು ಕೂರಿ. ಎಣ್ಣೆ ಬಿದ್ದರೆ ಟಬ್ಬು ಜಾರುತ್ತದೆ, ತಳಕ್ಕೆ ರಬ್ಬರ್ ಮ್ಯಾಟ್ ಹಾಸಿ. ಸಾಂಬ್ರಾಣಿ ಹೊಗೆ ಬೇಡವೇ ಬೇಡ. ಮಲಗುವ ಕೋಣೆಯ ಸೀಲಿಂಗಿನಲ್ಲಿ ಬಿಳಿಯ ಬಿಲ್ಲೆಯಂತೆ ಹೊಗೆ ಅಲಾರಂ ಇರುವುದು ಅಲ್ಲಿ ಕಾನೂನು, ಅದು ಕಿರುಚಿದರೆ ಮಗು ಬಾಣಂತಿ ಇಬ್ಬರೂ ಬೆಚ್ಚುತ್ತಾರೆ. ಹೆರಿಗೆಯಾದ ಮೊದಲ ಹತ್ತು ದಿನ ‘ಹೆಬಾಮೆ’ ಎಂಬ ಸೂಲಗಿತ್ತಿ ದಿನವೂ ಮನೆಗೆ ಬರಬಹುದು. ಆಮೇಲೂ ಹನ್ನೆರಡು ವಾರದವರೆಗೆ ಬಂದು ನೋಡುತ್ತಾರೆ, ಸರ್ಕಾರಿ ವಿಮೆಯವರಿಗೆ ಖರ್ಚಿಲ್ಲ. ಓಮದ ನೀರು, ಎಣ್ಣೆ ನೀವುವುದು ಎಲ್ಲವನ್ನೂ ಅವರಿಗೆ ಹೇಳಿಯೇ ಮಾಡಿ.

ಎರಡು ತಿಂಗಳಾದ ಮೇಲೆ ಭಾನುವಾರಗಳು ಬೇಸರ ತರಿಸುತ್ತವೆ, ಅಂಗಡಿಗಳೂ ಮುಚ್ಚಿರುತ್ತವೆ. ಒಂದು ದಿನ ಸುತ್ತಿಬನ್ನಿ. ಮ್ಯೂನಿಕ್‌ನಲ್ಲಿದ್ದರೆ ಬಯರ್ನ್ ಟಿಕೆಟ್ ಎಂಬ ಒಂದು ದಿನದ ರೈಲು ಟಿಕೆಟ್ ಒಂದರಲ್ಲೇ ಐದು ಜನರವರೆಗೆ ಆಸ್ಟ್ರಿಯಾದ ಸಾಲ್ಸ್‌ಬುರ್ಗ್‌ವರೆಗೂ ಹೋಗಿಬರಬಹುದು. ಪ್ರಾದೇಶಿಕ ರೈಲಿಗೆ ಮಾತ್ರ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ, ಶನಿವಾರ ಭಾನುವಾರ ಹೊತ್ತಿನ ತಕರಾರಿಲ್ಲ. ನೈಋತ್ಯ ಜರ್ಮನಿಯ ಬಾಡೆನ್ ಕಡೆಯವರು ಕೇಲ್ ಊರಿನಲ್ಲಿ ಇಳಿದು ಡಿ ಟ್ರಾಮ್ ಹತ್ತಿದರೆ ರೈನ್ ನದಿ ದಾಟಿ ಫ್ರಾನ್ಸಿನ ಸ್ಟ್ರಾಸ್‌ಬುರ್ಗ್. ವೀಸಾ ಒಂದೇ ಎಂದು ಪಾಸ್‌ಪೋರ್ಟ್ ಮನೆಯಲ್ಲಿ ಬಿಡಬೇಡಿ, ರೈಲಿನಲ್ಲೇ ಪೊಲೀಸರು ಕೇಳುತ್ತಾರೆ. ರೈನ್ ಜಲಪಾತ ನೋಡಲು ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್‌ಗೆ ಹೊರಟರೆ, ಅದೂ ಷೆಂಗೆನ್ನೇ, ವೀಸಾಕ್ಕೆ ತೊಂದರೆಯಿಲ್ಲ. ಆದರೆ ಯೂರೋಪಿಯನ್ ಒಕ್ಕೂಟದ ಉಚಿತ ರೋಮಿಂಗ್ ಅಲ್ಲಿಗೆ ಅನ್ವಯಿಸದು. ಗಡಿ ಹತ್ತಿರ ಬಂದ ಕೂಡಲೇ ಡೇಟಾ ರೋಮಿಂಗ್ ಆಫ್ ಮಾಡಿ. ಮಗುವಿನ ವಿಡಿಯೋವನ್ನು ಬೆಂಗಳೂರಿಗೆ ಕಳಿಸುವುದು ವಾಪಸ್ ಬಂದ ಮೇಲೆ.