ಕೇರ್ನ್ಸ್‌ನ ಜಲಪಾತಗಳಿಗೆ ಒಂದು ದಿನ: ಬುಕ್ ಮಾಡುವ ಮುಂಚೆ, ನೀರಿಗಿಳಿಯುವ ಮುಂಚೆ

ಊರಿನಿಂದ ಆಸ್ಟ್ರೇಲಿಯಾಕ್ಕೆ ಬರುವವರು ಕೇರ್ನ್ಸ್‌ಗೆ ಟಿಕೆಟ್ ಮಾಡಿಸುವುದು ಹೆಚ್ಚಾಗಿ ಸಮುದ್ರದೊಳಗಿನ ಹವಳದ ದಿಬ್ಬ ನೋಡಲಿಕ್ಕೆ. ಅದು ಒಂದು ದಿನದ ಕೆಲಸ. ಎರಡನೆಯ ದಿನಕ್ಕೆ ಏನು ಅಂತ ಕೇಳುವವರು ಸಮುದ್ರಕ್ಕೆ ಬೆನ್ನು ತಿರುಗಿಸಿ ನಿಂತರೆ ಸಾಕು. ಊರಿನ ಹಿಂದೆಯೇ ಬೆಟ್ಟದ ಸಾಲು ಎದ್ದಿದೆ, ಅದರ ಮೇಲೆ ಅಥರ್ಟನ್ ಪ್ರಸ್ಥಭೂಮಿ ಹರಡಿದೆ, ಅಲ್ಲಿಂದ ಕರಾವಳಿಗೆ ಇಳಿಯುವ ಪ್ರತಿ ಹೊಳೆಯೂ ಎಲ್ಲೋ ಒಂದು ಕಡೆ ಧುಮುಕಲೇಬೇಕು. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮಳೆಕಾಡು ಇದು. ಮಲೆನಾಡಿನವರಿಗೆ ಕಾಡಿನ ವಾಸನೆ, ಬೆತ್ತದ ಮುಳ್ಳು, ಇಂಬಳ, ಎಲ್ಲವೂ ಪರಿಚಿತ ಅನಿಸುತ್ತದೆ. ಮೋಸ ಹೋಗುವುದೂ ಅಲ್ಲಿಯೇ. ಕಾಡು ಪರಿಚಿತ, ನೀರು ಪರಿಚಿತ ಅಲ್ಲ.

ಗೈಡ್ ಇರುವ ಮಿನಿ ಬಸ್ಸಿನ ಪ್ರವಾಸಗಳು ಬೆಳಿಗ್ಗೆ ಏಳರ ಆಸುಪಾಸಿಗೆ ಹೋಟೆಲಿನಿಂದ ಹತ್ತಿಸಿಕೊಂಡು ಸಂಜೆ ಆರು ಏಳಕ್ಕೆ ವಾಪಸ್ ಬಿಡುತ್ತವೆ. ಜಾಹೀರಾತಿನಲ್ಲಿ ನಾಲ್ಕು ಜಲಪಾತ, ಐದು ಜಲಪಾತ, ಏಳು ಜಲಪಾತ ಅಂತ ಇರುತ್ತದೆ. ಹೆಚ್ಚು ಇರುವುದನ್ನೇ ಆರಿಸಿಕೊಳ್ಳುವ ಮನಸ್ಸಾಗುವುದು ಸಹಜ. ಒಂದು ಲೆಕ್ಕ ಹಾಕಿ. ಗಿಲ್ಲೀಸ್ ಘಾಟಿ ಹತ್ತಿ, ಮಿಲ್ಲಾ ಮಿಲ್ಲಾ ಸುತ್ತಿ, ಪಾಮರ್‌ಸ್ಟನ್ ರಸ್ತೆಯಲ್ಲಿ ಇಳಿದು, ಕರಾವಳಿಯ ಹೆದ್ದಾರಿಯಲ್ಲಿ ಹಿಂದಿರುಗುವ ಸುತ್ತು ಸುಮಾರು 250 ಕಿ.ಮೀ. ಆಗುತ್ತದೆ. ತಿರುವುಗಳ ರಸ್ತೆ, ಹಾಗಾಗಿ ಚಕ್ರದ ಮೇಲೆಯೇ ನಾಲ್ಕು ಗಂಟೆಗೂ ಮಿಕ್ಕಿ ಹೋಗುತ್ತದೆ. ಊಟಕ್ಕೆ ಒಂದು, ಕೆರೆ ಮತ್ತು ದೊಡ್ಡ ಮರ ನೋಡಲು ಒಂದು, ಎಲ್ಲರನ್ನೂ ಹತ್ತಿಸಿಕೊಳ್ಳಲು ಇಳಿಸಲು ಇನ್ನೊಂದು. ಉಳಿದದ್ದು ನಾಲ್ಕು ಗಂಟೆ. ಏಳು ಜಲಪಾತಕ್ಕೆ ಹಂಚಿದರೆ ತಲಾ ಅರ್ಧ ಗಂಟೆಯ ಸುಮಾರು. ಬಸ್ಸಿನಿಂದ ನೀರಿನ ತನಕ ನಡೆದು, ಬಟ್ಟೆ ಬದಲಿಸಿ, ಮತ್ತೆ ಒರೆಸಿಕೊಂಡು ಹತ್ತುವುದಕ್ಕೇ ಇಪ್ಪತ್ತು ನಿಮಿಷ ಬೇಕು. ನೀರಿನಲ್ಲಿ ಕಳೆಯುವ ಹತ್ತು ನಿಮಿಷಕ್ಕೆ ಅಷ್ಟು ದೂರ ಹೋದ ಹಾಗಾಗುತ್ತದೆ. ನಾಲ್ಕು ಜಲಪಾತ, ಅದರಲ್ಲಿ ಎರಡು ಕಡೆ ಈಜು, ಇದು ಸರಿಯಾದ ಅಳತೆ. ಬುಕ್ ಮಾಡುವಾಗ ‘ಪ್ರತಿ ನಿಲ್ದಾಣದಲ್ಲಿ ಎಷ್ಟು ನಿಮಿಷ?’ ಅಂತಲೇ ಕೇಳಿ. ನಿಖರವಾಗಿ ಹೇಳಬಲ್ಲವರು ಒಳ್ಳೆಯ ಗೈಡ್‌ಗಳನ್ನು ಇಟ್ಟುಕೊಂಡಿರುತ್ತಾರೆ.

ಜೊತೆಗೆ ಇನ್ನೆರಡು ಪ್ರಶ್ನೆ. ಮಳೆಯಿಂದ ರಸ್ತೆ ಮುಚ್ಚಿದರೆ ಹಣ ವಾಪಸೋ, ಬೇರೆ ದಿನವೋ? ಚಿಕ್ಕ ಮಗು ಇದ್ದರೆ ಮಗುವಿನ ಸೀಟು ಅವರೇ ತರುತ್ತಾರೋ? ಊಟ ಸೇರಿದ್ದರೆ ಬರೀ ‘ವೆಜಿಟೇರಿಯನ್’ ಅಂತ ಬರೆಯಬೇಡಿ. ಮಾಂಸ, ಮೀನು, ಮೊಟ್ಟೆ ಮೂರೂ ಬೇಡ ಅಂತ ಬಿಡಿಸಿ ಬರೆಯಿರಿ, ಏಕೆಂದರೆ ಇಲ್ಲಿ ಮೊಟ್ಟೆ ಸಸ್ಯಾಹಾರದ ಪಟ್ಟಿಯಲ್ಲೇ ಇರುತ್ತದೆ. ಜಲಪಾತಗಳಿಗೆ ಪ್ರವೇಶ ಶುಲ್ಕ ಇಲ್ಲ. ನೀವು ಕೊಡುವ ಡಾಲರು ವಾಹನ, ಗೈಡ್ ಮತ್ತು ಊಟಕ್ಕೆ.

ಯಾವ ತಿಂಗಳು? ಕಾಲ ಇಲ್ಲಿ ತಿರುಗುಮುರುಗು. ಊರಿನಲ್ಲಿ ಜೋಗ ತುಂಬಿ ಧುಮುಕುವ ಜುಲೈನಲ್ಲಿ ಇಲ್ಲಿ ಒಣಗಾಲ, ಊರಿನ ಚಳಿಗಾಲ ಮುಗಿಯುವ ಹೊತ್ತಿಗೆ ಇಲ್ಲಿ ಜಡಿಮಳೆ. ಡಿಸೆಂಬರ್‌ನಿಂದ ಮಾರ್ಚ್ ತನಕ ನೀರಿನ ಅಬ್ಬರ ನೋಡಲು ಸಿಗುತ್ತದೆ, ಆದರೆ ಹೊಳೆ ಉಕ್ಕಿರುವಾಗ ನೀರಿಗೆ ಇಳಿಯಬಾರದು. ರಸ್ತೆಯೂ ಕೈ ಕೊಡುತ್ತದೆ. 2023ರ ಡಿಸೆಂಬರ್‌ನಲ್ಲಿ ಜಾಸ್ಪರ್ ಚಂಡಮಾರುತ ಬಂದಾಗ ಈ ಭಾಗದ ಬೆಟ್ಟದ ರಸ್ತೆಗಳು ಕುಸಿದು ಮುಚ್ಚಿದ್ದವು. ಏಪ್ರಿಲ್ ಕೊನೆಯಿಂದ ಜೂನ್ ನಡುವಿನ ತನಕ ಒಳ್ಳೆಯ ಕಾಲ: ನೀರು ದಂಡಿಯಾಗಿ ಇರುತ್ತದೆ, ಕೆಸರು ಇಳಿದು ತಿಳಿಯಾಗಿರುತ್ತದೆ. ಜುಲೈ, ಆಗಸ್ಟ್ ಬಂದರೆ ಪ್ರಸ್ಥಭೂಮಿಯ ಮೇಲೆ ಮುಂಜಾನೆ ಚಳಿ ಹತ್ತು ಡಿಗ್ರಿಯ ಹತ್ತಿರ ಇಳಿಯುವುದುಂಟು. ‘ಉಷ್ಣವಲಯ’ ಅಂತ ಓದಿ ಒಂದೇ ಟೀ ಶರ್ಟಿನಲ್ಲಿ ಬಂದವರು ಒದ್ದೆ ಮೈಯಲ್ಲಿ ನಡುಗುತ್ತಾರೆ. ಒಂದು ಸ್ವೆಟರ್ ಬಸ್ಸಿನಲ್ಲೇ ಇರಲಿ.

ಗಾರ್ಡನ್‌ವೇಲ್ ದಾಟಿದ ಮೇಲೆ ಗಿಲ್ಲೀಸ್ ಘಾಟಿ. 19 ಕಿ.ಮೀ.ಗೆ 263 ತಿರುವು ಅಂತ ಇಲ್ಲಿನವರು ಎಣಿಸಿ ಇಟ್ಟಿದ್ದಾರೆ. ಆಗುಂಬೆ ಘಾಟಿಯಲ್ಲಿ ತಲೆ ಸುತ್ತುವವರಿಗೆ ಇಲ್ಲಿಯೂ ಸುತ್ತುತ್ತದೆ. ವಾಂತಿಯ ಮಾತ್ರೆಯನ್ನು ಘಾಟಿಯ ಬುಡದಲ್ಲಿ ನುಂಗಿ ಪ್ರಯೋಜನ ಇಲ್ಲ. ಹೊರಡುವುದಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ತೆಗೆದುಕೊಂಡಿರಬೇಕು. ಮುಂದಿನ ಸೀಟು ಕೇಳಿ, ಮೊಬೈಲ್ ಒಳಗಿಡಿ, ಹೊಟ್ಟೆಗೆ ಹಗುರಾಗಿ ಏನಾದರೂ ಹಾಕಿಕೊಂಡೇ ಹೊರಡಿ. ಖಾಲಿ ಹೊಟ್ಟೆ ಇನ್ನೂ ಕೆಟ್ಟದ್ದು.

ಘಾಟಿ ಮುಗಿದ ಕೂಡಲೇ ಬ್ಯಾರೀನ್, ಈಚಮ್ ಎಂಬ ಎರಡು ದುಂಡು ಕೆರೆಗಳು. ನೆಲದೊಳಗಿನ ಕಾದ ಶಿಲಾರಸ ಅಂತರ್ಜಲಕ್ಕೆ ತಾಗಿ, ಉಗಿಯ ಒತ್ತಡಕ್ಕೆ ನೆಲವೇ ಸಿಡಿದು ಆದ ಕುಳಿಗಳು ಇವು. ಈಚಮ್ 65 ಮೀಟರ್ ಆಳ. ಇಲ್ಲಿನ ಮೂಲನಿವಾಸಿ ಙಜನ್ ಜನರಲ್ಲಿ ಈ ಕೆರೆಗಳು ಹುಟ್ಟಿದ ಕತೆ ಬಾಯಿಂದ ಬಾಯಿಗೆ ಬಂದಿದೆ, ಆಗ ಸುತ್ತ ಕಾಡು ಇರಲಿಲ್ಲ, ಬಯಲು ಕುರುಚಲು ಇತ್ತು ಎಂಬ ಮಾತೂ ಅದರಲ್ಲಿ ಇದೆ. ಕೆರೆಯ ತಳದ ಕೆಸರಿನಲ್ಲಿ ಉಳಿದ ಪರಾಗವನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಸಿಕ್ಕಿದ್ದೂ ಅದೇ. ಸಾವಿರಾರು ವರ್ಷದ ನೆನಪು ಅದು. ಗೈಡ್ ಈ ಕತೆ ಹೇಳದಿದ್ದರೆ ಕೇಳಿ ಹೇಳಿಸಿಕೊಳ್ಳಿ.

ಯುಂಗಬರ ಊರಿನ ಹತ್ತಿರದ ಪರದೆ ಅತ್ತಿಮರ ಹದಿನೈದು ನಿಮಿಷದ ನಿಲುಗಡೆ. ಮರದ ಹಲಗೆಯ ದಾರಿ ಬಿಟ್ಟು ಇಳಿಯುವಂತಿಲ್ಲ.

ಮಿಲ್ಲಾ ಮಿಲ್ಲಾ, ಝಿಲ್ಲಿ, ಎಲಿಂಜಾ ಮೂರು ಜಲಪಾತಗಳೂ 17 ಕಿ.ಮೀ.ಯ ಒಂದೇ ಸುತ್ತು ರಸ್ತೆಯಲ್ಲಿ ಇವೆ. ಮೂರೂ ಬಸಾಲ್ಟ್ ಬಂಡೆಯ ಮೇಲಿನಿಂದ ಬೀಳುತ್ತವೆ. ಹಳೆಯ ಜ್ವಾಲಾಮುಖಿಗಳ ಲಾವಾ ಹರಿದು ತಣ್ಣಗಾಗುವಾಗ ಕಂಬ ಕಂಬವಾಗಿ ಸೀಳಿದೆ. ಬುಡದ ಮೆತ್ತನೆಯ ಪದರವನ್ನು ನೀರು ಕೊರೆದಂತೆ ಮೇಲಿನ ಕಂಬಗಳು ನೆಟ್ಟಗೆ ಮುರಿದು ಬೀಳುತ್ತವೆ. ಆದ್ದರಿಂದಲೇ ನೀರು ಬಂಡೆಯ ಮೇಲೆ ಜಾರದೆ ಪರದೆಯಂತೆ ಒಂದೇ ಸಮ ಇಳಿಯುತ್ತದೆ. ಮಿಲ್ಲಾ ಮಿಲ್ಲಾ 18 ಮೀಟರಿನದು ಅಷ್ಟೆ. ಜೋಗ ನೋಡಿದ ಕಣ್ಣಿಗೆ ಎತ್ತರ ಏನೂ ಅಲ್ಲ. ಆದರೆ ಅದರ ಬುಡದ ಹೊಂಡಕ್ಕೆ ಇಳಿದು ನೀರಿನ ಪರದೆಯ ಎದುರು ಈಜಬಹುದು, ಜೋಗದಲ್ಲಿ ಅದು ಆಗದ ಮಾತು.

ಈಜುವ ಕ್ರಮ ಇದೆ. ದಡದಲ್ಲಿ ಕೂತು ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಎದೆ. ನೀರು ತಣ್ಣಗಿದೆ, ಧುಮುಕಿದರೆ ಉಸಿರು ಸಿಕ್ಕಿಕೊಂಡು ನೀರು ಒಳಗೆ ಎಳೆದುಕೊಳ್ಳುವ ಅಪಾಯ. ತಳದಲ್ಲಿ ದಿಮ್ಮಿ, ಕಲ್ಲು ಇರುತ್ತದೆ, ಕಳೆದ ಮಳೆಯಲ್ಲಿ ಅವು ಜಾಗ ಬದಲಿಸಿರುತ್ತವೆ. ಅದಕ್ಕೇ ತಲೆ ಕೆಳಗಾಗಿ ಹಾರುವುದು ಬೇಡವೇ ಬೇಡ. ಬೀಳುವ ನೀರಿನ ನೇರ ಕೆಳಗೆ ಹೋಗಬೇಡಿ. ಅಲ್ಲಿ ನೀರಿನೊಳಗೆ ಗಾಳಿಯ ಗುಳ್ಳೆ ತುಂಬಿರುವುದರಿಂದ ಮೈ ತೇಲುವುದು ಕಡಿಮೆ, ಚೆನ್ನಾಗಿ ಈಜುವವರೂ ಏಕೆ ಮುಳುಗುತ್ತಿದ್ದೇವೆ ಎಂದು ತಿಳಿಯದೆ ಗಾಬರಿ ಬೀಳುತ್ತಾರೆ. ಮೇಲಿನಿಂದ ಕಲ್ಲು, ಕೊಂಬೆ ಬರುವುದೂ ಉಂಟು. ಈಜು ಬಾರದವರು ಎದೆಮಟ್ಟ ದಾಟಬಾರದು. ಇಲ್ಲಿ ಕಾವಲಿಗೆ ಯಾರೂ ಇರುವುದಿಲ್ಲ, ಗೈಡ್ ಒಬ್ಬರೇ.

ಬಟ್ಟೆಯ ವಿಷಯ ಸಂಕೋಚ ಇಲ್ಲದೆ ಹೇಳಬೇಕು. ಸೀರೆ, ದುಪಟ್ಟಾ, ಜೀನ್ಸ್ ತೊಟ್ಟು ನೀರಿಗೆ ಇಳಿಯಬೇಡಿ. ಒದ್ದೆ ಬಟ್ಟೆಯ ಭಾರ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೈ ಮುಚ್ಚುವ ಉಡುಪೇ ಬೇಕಿದ್ದರೆ ಲೆಗ್ಗಿಂಗ್ಸ್ ಜೊತೆ ಉದ್ದ ತೋಳಿನ ಈಜು ಅಂಗಿ ಸಿಗುತ್ತದೆ, ಎಷ್ಟೋ ಸ್ಥಳೀಯರೇ ಬಿಸಿಲಿಗಾಗಿ ಅದನ್ನು ಹಾಕುತ್ತಾರೆ. ಕಾಲಿಗೆ ಹವಾಯಿ ಚಪ್ಪಲಿ ಸಲ್ಲದು. ಪಾಚಿ ಹಿಡಿದ ಕಲ್ಲಿನ ಮೇಲೆ ಚಪ್ಪಲಿ ಮೊದಲು ಜಾರುತ್ತದೆ, ಹಿಂದೆಯೇ ಮನುಷ್ಯ. ಹಿಂಬದಿಯ ಪಟ್ಟಿ ಇರುವ, ಹಿಡಿತದ ರಬ್ಬರ್ ಅಟ್ಟೆಯ ಸ್ಯಾಂಡಲ್ ಅಥವಾ ಒದ್ದೆಯಾದರೂ ಚಿಂತೆ ಇಲ್ಲದ ಹಳೆಯ ಶೂ ತನ್ನಿ. ಸನ್‌ಸ್ಕ್ರೀನ್, ಸೊಳ್ಳೆ ಮುಲಾಮು ಈಜಿಗೆ ಮುಂಚೆ ಹಚ್ಚಬೇಡಿ, ಈಜಿದ ಮೇಲೆ ಹಚ್ಚಿ. ಅದು ಹೊಂಡದ ಕಪ್ಪೆ, ಮೀನುಗಳಿಗೆ ವಿಷ.

ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ: ಮಿಲ್ಲಾ ಮಿಲ್ಲಾ ವಾಹನ ನಿಲ್ಲಿಸುವ ಜಾಗದಿಂದಲೇ ಕಾಣುತ್ತದೆ, ಶೌಚಾಲಯವೂ ಅಲ್ಲಿದೆ. ಝಿಲ್ಲಿಯನ್ನು ಮೇಲಿನ ಕಟ್ಟೆಯಿಂದಲೇ ನೋಡಿ. ಬುಡಕ್ಕೆ ಇಳಿಯುವ ಕಾಲುದಾರಿ ಬೇರು, ಕೆಸರಿನದು, ಮಳೆ ಬಿದ್ದ ಮರುದಿನ ಹರೆಯದವರಿಗೂ ಬೇಡ. ಎಲಿಂಜಾಕ್ಕೆ ಕಡಿದಾದ ದಾರಿ ಸುಮಾರು 200 ಮೀಟರ್, ಇಳಿಯುವುದು ಸುಲಭ, ಹತ್ತುವುದರಲ್ಲಿ ಮಂಡಿ ಮಾತಾಡುತ್ತದೆ.

ಕಾಡಿನ ದಾರಿಯ ಅಂಚಿನಲ್ಲಿ ನೆನಪಿಡಬೇಕಾದ್ದು ಗಿಂಪಿ ಗಿಡ. ನಮ್ಮ ತುರಿಕೆ ಸೊಪ್ಪಿನ ವಂಶದ್ದೇ, ಹೃದಯದ ಆಕಾರದ ಅಗಲ ಎಲೆ, ಬಿಸಿಲು ಬೀಳುವ ತೆರವಿನಲ್ಲಿ ಬೆಳೆಯುತ್ತದೆ. ಎಲೆಯ ತುಂಬ ಗಾಜಿನಂಥ ಸೂಕ್ಷ್ಮ ರೋಮ, ಪ್ರತಿ ರೋಮದಲ್ಲಿ ವಿಷ. ತಾಗಿದರೆ ನೋವು ಗಂಟೆಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಮರುಕಳಿಸುತ್ತದೆ. ಉಜ್ಜಬೇಡಿ, ಉಜ್ಜಿದರೆ ರೋಮ ಮುರಿದು ಒಳಗೇ ಉಳಿಯುತ್ತದೆ. ಕೂದಲು ತೆಗೆಯುವ ವ್ಯಾಕ್ಸ್ ಪಟ್ಟಿ ಅಂಟಿಸಿ ಕೀಳುವುದು ಇಲ್ಲಿನ ರೂಢಿ. ಇಂಬಳಕ್ಕೆ ಇಷ್ಟೆಲ್ಲ ಬೇಕಿಲ್ಲ. ಊರಿನಿಂದ ಹೊಗೆಸೊಪ್ಪು ಹೊತ್ತು ತರುವ ಗೋಜೂ ಬೇಡ. ಕಚ್ಚಿದ ಬಾಯಿಯ ಬುಡಕ್ಕೆ ಉಗುರು ಸರಿಸಿ ಬಿಡಿಸಿದರಾಯಿತು. ಆಳೆತ್ತರದ ಕ್ಯಾಸೊವರಿ ಹಕ್ಕಿ ಎದುರಾದರೆ ಓಡಬೇಡಿ, ತಿಂಡಿ ಹಾಕಬೇಡಿ. ಚೀಲವನ್ನು ಎದೆಗೆ ಅಡ್ಡ ಹಿಡಿದು, ಅದರತ್ತ ಮುಖ ಮಾಡಿಯೇ ಹಿಂದೆ ಸರಿಯಿರಿ.

ಪಾಮರ್‌ಸ್ಟನ್ ರಸ್ತೆ ಇಳಿದು ಕರಾವಳಿಗೆ ಬಂದರೆ ಜೋಸೆಫೀನ್ ಜಲಪಾತ. ಕೇರ್ನ್ಸ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಅತಿ ಎತ್ತರದ ಬಾರ್ಟ್ಲ್ ಫ್ರಿಯರ್ ಬೆಟ್ಟ, 1,622 ಮೀಟರ್, ಅದರ ಬುಡ ಇದು. ಇಲ್ಲಿ ಬಂಡೆ ಗ್ರಾನೈಟ್. ಅದು ಕಂಬವಾಗಿ ಮುರಿಯುವುದಿಲ್ಲ, ಸವೆದು ನುಣುಪಾಗುತ್ತದೆ. ಆದ್ದರಿಂದ ನೀರು ಬೀಳುವ ಬದಲು ಜಾರುತ್ತದೆ, ಜನರೂ ಜಾರುಬಂಡೆಯಂತೆ ಜಾರುತ್ತಾರೆ. ಇಡೀ ದಿನದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಜಾಗ ಇದೇ. ಪಕ್ಕದ ಬೆಲ್ಲೆಂಡೆನ್ ಕೆರ್ ಶಿಖರದಲ್ಲಿ 1979ರ ಜನವರಿ 4ರಂದು ಒಂದೇ ದಿನ 1,140 ಮಿ.ಮೀ. ಮಳೆ ಸುರಿದಿತ್ತು. ಶಿಖರದ ಮೇಲೆ ಮೋಡ ಒಡೆದರೆ ಕೆಳಗೆ ಬಿಸಿಲು ಇರುವಾಗಲೇ ಪ್ರವಾಹ ಬಂದು ಮುಟ್ಟುತ್ತದೆ. ಕಡಿದಾದ ಗ್ರಾನೈಟ್ ನೀರನ್ನು ಹೀರುವುದಿಲ್ಲ, ತಡೆಯುವುದೂ ಇಲ್ಲ. ತಿಳಿನೀರು ಕಂದುತ್ತಿದೆ, ಎಲೆ ಕಡ್ಡಿ ತೇಲಿ ಬರುತ್ತಿದೆ, ಸದ್ದು ಏರುತ್ತಿದೆ, ಮುಂಚೆ ಕಾಣುತ್ತಿದ್ದ ಕಲ್ಲು ಮುಳುಗಿದೆ: ಇವುಗಳಲ್ಲಿ ಒಂದು ಕಂಡರೂ ಚಪ್ಪಲಿ, ಮೊಬೈಲ್ ಹುಡುಕದೆ ನಿಮ್ಮ ಚೀಲ ಇರುವ ದಡಕ್ಕೇ ಹತ್ತಿ. ಆಚೆ ದಡಕ್ಕೆ ಹೋದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಜಾರುವಾಗ ಕಾಲು ಮುಂದೆ, ಗಲ್ಲ ಎದೆಗೆ, ಕೈ ಮಡಿಲಿಗೆ. ನಿಂತು ಜಾರಲು ಹೋದವರೇ ಮೂಳೆ ಮುರಿದುಕೊಳ್ಳುವುದು. ಮೇಲಿನ ಹೊಂಡಕ್ಕೆ ಪ್ರವೇಶ ನಿಷೇಧ, ಬೇಲಿ ದಾಟಿದರೆ ದಂಡ.

ಅಲ್ಲಿಂದ ಉತ್ತರಕ್ಕೆ ಬಬಿಂಡ. ದುಂಡು ಗ್ರಾನೈಟ್ ಗುಂಡುಗಳ ನಡುವೆ ಹೊಳೆ. ಗುರುತು ಹಾಕಿದ ಈಜು ಹೊಂಡ ಶಾಂತವಾಗಿದೆ, ಕುಟುಂಬಗಳಿಗೆ ಒಳ್ಳೆಯದು. ಅದರ ಕೆಳಗೆ, ಡೆವಿಲ್ಸ್ ಪೂಲ್ ಕಡೆ, ಬಂಡೆಗಳ ಅಡಿಯ ಸಂದಿಗಳೊಳಗೆ ನೀರು ಸೆಳೆದುಕೊಂಡು ಹೋಗುತ್ತದೆ, ಸಿಕ್ಕಿಕೊಂಡವರು ಮೇಲೆ ಬರುವುದಿಲ್ಲ. ಅಲ್ಲಿ ಹಲವರು ಸತ್ತಿದ್ದಾರೆ. ಕಟ್ಟೆಯಿಂದ ನೋಡಿ ಬನ್ನಿ, ಫೋಟೋಗಾಗಿ ಒಂದು ಹೆಜ್ಜೆಯೂ ಬಂಡೆಯ ಮೇಲೆ ಇಡಬೇಡಿ.

ಬ್ಯಾರನ್ ಜಲಪಾತ ಈ ಸುತ್ತಿನಲ್ಲಿ ಇರುವುದಿಲ್ಲ, ಕುರಂಡ ರೈಲಿನ ದಾರಿಯಲ್ಲಿ ಸಿಗುತ್ತದೆ. ಲಿಂಗನಮಕ್ಕಿ ಆದ ಮೇಲೆ ಜೋಗಕ್ಕೆ ಆದದ್ದೇ ಇದಕ್ಕೂ ಆಗಿದೆ. ವಿದ್ಯುತ್ತಿಗೆ ನೀರು ಹೋಗುವುದರಿಂದ ಒಣಗಾಲದಲ್ಲಿ ಬರೀ ಬಂಡೆ. ಇಲ್ಲಿನ ಮಳೆಗಾಲದಲ್ಲಿ ಬಂದವರು ಮಾತ್ರ ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಕಾಡಿನೊಳಗೆ ಮೊಬೈಲ್ ಸಿಗ್ನಲ್ ಬಹಳ ಕಡೆ ಇಲ್ಲ. ತುರ್ತು ಸಂಖ್ಯೆ 000. ಗುಂಪಿನಿಂದ ಬೇರೆಯಾಗುವ ಮುನ್ನ ಗೈಡ್‌ಗೆ ಹೇಳಿ ಹೋಗಿ.

ವಾಪಸ್ ಬಂದ ಮೇಲಿನ ಒಂದು ಮಾತು. ಭಾರೀ ಮಳೆಯ ನಂತರದ ಹೊಳೆ ನೀರಿನಲ್ಲಿ ಇಲಿಜ್ವರದ ರೋಗಾಣು ಇರಬಹುದು, ಕಾಲಿನ ಗಾಯ, ತರಚಿದ ಚರ್ಮದ ಮೂಲಕ ಅದು ಒಳಗೆ ಹೋಗುತ್ತದೆ. ಗಾಯ ಇದ್ದರೆ ನೀರು ಒಳಗೆ ಹೋಗದ ಪಟ್ಟಿ ಹಾಕಿಕೊಳ್ಳಿ, ಇಲ್ಲವೇ ದಡದಲ್ಲಿ ಕೂರಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಮೀನಖಂಡದಲ್ಲಿ ವಿಪರೀತ ನೋವು ಕಾಣಿಸುತ್ತದೆ, ಆ ಹೊತ್ತಿಗೆ ನೀವು ಊರಿಗೆ ಮರಳಿರುತ್ತೀರಿ. ಅಲ್ಲಿಯ ಡಾಕ್ಟರಿಗೆ ಕ್ವೀನ್ಸ್‌ಲ್ಯಾಂಡಿನ ಹೊಳೆಯಲ್ಲಿ ಈಜಿದ್ದನ್ನು, ಯಾವ ದಿನ ಎಂಬುದನ್ನೂ ಸೇರಿಸಿ, ಮೊದಲೇ ಹೇಳಿ.